ಫೋರ್ಡ್ ಟ್ರೈಟನ್ ಎಂಜಿನ್: ಸ್ಪಾರ್ಕ್ ಪ್ಲಗ್ ಮುರಿಯದಂತೆ ಬಿಚ್ಚುವ ಕ್ರಮ

ನಮ್ಮ ಊರುಗಳಲ್ಲಿ ಲಾರಿ ಎಂದರೆ ಬಹುಪಾಲು ಡೀಸೆಲ್, ಸ್ಪಾರ್ಕ್ ಪ್ಲಗ್ಗಿನ ಗೊಡವೆಯೇ ಇಲ್ಲ. ಅಮೆರಿಕದಲ್ಲಿ ಹಳೇ ಫೋರ್ಡ್ ಎಫ್-150 ಪಿಕಪ್ ಇಟ್ಟುಕೊಂಡವರ ಪಾಡು ಬೇರೆ. 2004ರಿಂದ 2008ರವರೆಗಿನ ಮಾಡೆಲ್‌ಗಳ 5.4 ಲೀಟರ್, ಸಿಲಿಂಡರಿಗೆ ಮೂರು ವಾಲ್ವಿನ ಟ್ರೈಟನ್ ವಿ8 ಎಂಜಿನ್ನಿನಲ್ಲಿ ಪ್ಲಗ್ ಬಿಚ್ಚಲು ಹೋದರೆ ಅರ್ಧ ಕೈಗೆ ಬರುತ್ತದೆ, ಉಳಿದರ್ಧ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನೊಳಗೇ ಉಳಿಯುತ್ತದೆ.

ಕಾರಣ ಪ್ಲಗ್ಗಿನ ರಚನೆಯಲ್ಲೇ ಇದೆ. ಮೇಲೆ ಥ್ರೆಡ್ ಇರುವ ಉಕ್ಕಿನ ಭಾಗ, ಅದರ ಕೆಳಗೆ ಅಂಚು ಮಡಚಿ ಕೂರಿಸಿದ ಉದ್ದನೆಯ ತೆಳು ಕೊಳವೆ. ಈ ಕೊಳವೆಗೂ ಹೆಡ್ಡಿಗೂ ನಡುವಿನ ಸಂದಿಯಲ್ಲಿ ಮಸಿ ಕೂತು ಕಲ್ಲಾಗುತ್ತದೆ. ತಿರುಗಿಸಿದಾಗ ಮೇಲಿನ ಭಾಗ ತಿರುಗುತ್ತದೆ, ಕೊಳವೆ ಅಲುಗುವುದಿಲ್ಲ, ಮಡಚಿದ ಜಾಗ ಬಿಟ್ಟುಕೊಳ್ಳುತ್ತದೆ. ಅಂದರೆ ಇಲ್ಲಿ ಹಿಡಿದಿರುವುದು ತುಕ್ಕಲ್ಲ, ಮಸಿ. ತುಕ್ಕು ಬಿಡಿಸುವ ಎಣ್ಣೆಗಿಂತ ಮಸಿ ಕರಗಿಸುವ ಕಾರ್ಬ್ಯುರೇಟರ್ ಕ್ಲೀನರ್ ಬೇಕಾಗುವುದು ಅದಕ್ಕೇ.

ಎಂಜಿನ್ ಪೂರ್ತಿ ತಣ್ಣಗಿರಲಿ, ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು. ಬಿಸಿಯಿದ್ದಾಗಲೇ ಸಲೀಸು ಎನ್ನುವವರಿದ್ದಾರೆ; ನಂಬಬೇಡಿ. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಥ್ರೆಡ್ ಕಿತ್ತುಕೊಂಡು ಬರಬಹುದು. ಸಾಲದ್ದಕ್ಕೆ ಕ್ಲೀನರ್ ಬೆಂಕಿ ಹೊತ್ತಿಕೊಳ್ಳುವ ವಸ್ತು. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಗ್ಯಾರೇಜಿನ ಬಾಗಿಲು ತೆರೆದಿಡಿ.

ಪ್ರತಿ ಪ್ಲಗ್ಗಿನ ಮೇಲೂ ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್ ಒಂದಿರುತ್ತದೆ. ಕಾಯಿಲ್‌ಗಳ ಬೋಲ್ಟಿಗೆ 7 ಮಿಮೀ ಸಾಕೆಟ್ ಸಾಕು. ಕಾಯಿಲ್ ತೆಗೆದ ಕೂಡಲೇ ಪ್ಲಗ್ ಕೂತಿರುವ ಗುಂಡಿಗೆ ಗಾಳಿ ಊದಿ, ತಳದ ಮರಳು ಧೂಳೆಲ್ಲ ಹೊರಬರಲಿ. ಇಲ್ಲದಿದ್ದರೆ ಅದು ಸಿಲಿಂಡರಿಗೇ ಬೀಳುತ್ತದೆ.

ಈಗ 9/16 ಇಂಚಿನ ಪ್ಲಗ್ ಸಾಕೆಟ್, ಎಕ್ಸ್‌ಟೆನ್ಷನ್, ಕೈ ರಾಚೆಟ್. ಇಂಪ್ಯಾಕ್ಟ್ ಗನ್ ಬೇಡವೇ ಬೇಡ. ಪ್ರತಿ ಪ್ಲಗ್ಗನ್ನೂ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು ಸಡಿಲಿಸಿ ನಿಲ್ಲಿಸಿ. ಸುಲಭವಾಗಿ ಬರುತ್ತಿದೆ ಎಂದು ಮುಂದುವರಿಸುವವರೇ ಮುರಿದುಕೊಳ್ಳುವುದು. ಗುಂಡಿಗೆ ಕ್ಲೀನರ್ ಹಾಕಿ; ಪ್ಲಗ್ಗಿನ ಷಟ್ಕೋನದ ಭಾಗ ಮುಳುಗಿದರೆ ಸಾಕು, ಚಹಾ ಚಮಚದ ಅರ್ಧದಿಂದ ಮುಕ್ಕಾಲು. ಹೆಚ್ಚು ಸುರಿದರೆ ಸಿಲಿಂಡರಿನಲ್ಲಿ ನಿಂತು ಸ್ಟಾರ್ಟ್ ಮಾಡುವಾಗ ಪಿಸ್ಟನ್ನಿಗೆ ಅಡ್ಡಬರುತ್ತದೆ, ಕನೆಕ್ಟಿಂಗ್ ರಾಡ್ ಬಾಗಲೂಬಹುದು. ಫೋರ್ಡ್ ಹೇಳುವುದು ಕನಿಷ್ಠ 15 ನಿಮಿಷ ನೆನೆಯಲಿ ಎಂದು. ಆತುರವಿಲ್ಲದಿದ್ದರೆ ಒಂದೆರಡು ಗಂಟೆ ಬಿಡಿ.

ನೆನೆದ ಮೇಲೆ ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬಿಗಿ ಮಾಡಿ. ಪ್ರತಿ ಸಲ ಸ್ವಲ್ಪವೇ ಹೆಚ್ಚು ಬಿಚ್ಚುತ್ತಾ ಬನ್ನಿ. ಕಿರ್ರ್ ಎಂಬ ಸದ್ದು ಮೊದಮೊದಲು ಬರುತ್ತದೆ, ಹೆದರಬೇಡಿ. ಸುಮಾರು 33 ಪೌಂಡ್-ಅಡಿ, ಅಂದರೆ 45 ನ್ಯೂಟನ್-ಮೀಟರ್ ದಾಟಿಸಿ ಎಳೆಯಬೇಕಾಗಿ ಬಂದರೆ ನಿಲ್ಲಿಸಿ, ಇನ್ನಷ್ಟು ಕ್ಲೀನರ್ ಹಾಕಿ ಕಾಯಿರಿ. ಎಡೆಬಿಡದೆ ಗಟ್ಟಿಯಾಗಿದ್ದ ರಾಚೆಟ್ ಒಮ್ಮೆಲೇ ಹಗುರಾಯಿತೋ, ಕೊಳವೆ ಬಿಟ್ಟುಕೊಂಡಿರುವ ಸಾಧ್ಯತೆಯೇ ಹೆಚ್ಚು. ಹೊರಬಂದ ಪ್ಲಗ್ಗಿನ ತುದಿಯಲ್ಲಿ ಕೊಳವೆ ಇದೆಯೇ ಎಂದು ಪ್ರತಿ ಸಲ ನೋಡಿ. ಕ್ಯಾಬಿನ್ ಕಡೆಯ ಹಿಂದಿನ ಸಿಲಿಂಡರ್‌ಗಳಲ್ಲಿ ಕೈ ಆಡಿಸಲು ಜಾಗ ಕಡಿಮೆ. ಅವುಗಳಿಗೆ ಎಕ್ಸ್‌ಟೆನ್ಷನ್‌ಗೆ ಓರೆಯಾಗಿ ತಿರುಗುವ ಜಾಯಿಂಟ್ ಸೇರಿಸಿಕೊಳ್ಳಿ.

ಮುರಿದರೆ ಸ್ಕ್ರೂಡ್ರೈವರ್ ತುರುಕಬೇಡಿ. ಲೈಲ್ ಕಂಪನಿಯ 65600 ಎಂಬ ಉಪಕರಣ ಇದಕ್ಕೆಂದೇ ಇದೆ. ಕೊಳವೆಯಲ್ಲಿ ಪ್ಲಗ್ಗಿನೊಳಗಿನ ಬಿಳಿ ಪಿಂಗಾಣಿ ಉಳಿದಿದ್ದರೆ ಮೊದಲು ಅದನ್ನು ತುಸು ಕೆಳಕ್ಕೆ ಒತ್ತಿ, ಎಳೆಯುವ ರಾಡಿಗೆ ಹಿಡಿತ ಮಾಡಿಕೊಡಬೇಕು. ಅತಿಯಾಗಿ ಒತ್ತಿದರೆ ಕೆಳಗಿನ ಎಲೆಕ್ಟ್ರೋಡ್ ಪಟ್ಟಿ ಮುರಿದು ಚೂರುಗಳು ಸಿಲಿಂಡರಿಗೆ ಬೀಳುತ್ತವೆ. ಆಮೇಲೆ ರಾಡನ್ನು ಕೊಳವೆಯೊಳಗೆ ಕಚ್ಚಿಸಿ ನಟ್ಟಿನಿಂದ ಮೇಲಕ್ಕೆ ಎಳೆಯಿರಿ. ತೆಳು ಪೈಪ್ ಕಟ್ಟಿದ ವ್ಯಾಕ್ಯೂಮಿನಿಂದ ಚೂರುಗಳನ್ನು ಹೀರಿಕೊಳ್ಳಿ.

ಎಂಟೂ ಹೊರಬಂದ ಮೇಲೆ ಕ್ಲೀನರಿನ ಹಬೆ ಆರಲು ಬಿಡಿ. ಬ್ಯಾಟರಿ ಜೋಡಿಸಿ, ಕಾಯಿಲ್ ಕನೆಕ್ಟರ್‌ಗಳು ಕಳಚೇ ಇರಲಿ. ಆಕ್ಸಿಲರೇಟರನ್ನು ಪೂರ್ತಿ ತುಳಿದು ಕೀ ತಿರುಗಿಸಿ ಸ್ಟಾರ್ಟರಿನಿಂದ ಎಂಜಿನ್ನನ್ನು ಕೆಲವು ಸೆಕೆಂಡು ಸುತ್ತಿಸಿ (ಕ್ರ್ಯಾಂಕ್ ಮಾಡಿ). ಹಾಗೆ ತುಳಿದಾಗ ಇಂಜೆಕ್ಟರ್‌ಗಳು ಪೆಟ್ರೋಲ್ ಬಿಡುವುದಿಲ್ಲ, ಒಳಗೆ ಉಳಿದ ದ್ರವ ಹೊರಗೆ ಚಿಮ್ಮುತ್ತದೆ. ಗುಂಡಿಗಳಿಗೆ ಮುಖವಿಟ್ಟು ನೋಡಬೇಡಿ.

ಹೊಸ ಪ್ಲಗ್ ಒಂದೇ ತುಂಡಿನದಾಗಿದ್ದರೆ ಮುಂದಿನ ಸಲ ಈ ಪರದಾಟವಿಲ್ಲ. ಚಾಂಪಿಯನ್ 7989 ಅಂಥದ್ದು. ಕೊಳವೆಯ ಹೊರಮೈಗೆ ಲೋಹ ಹಿಡಿದುಕೊಳ್ಳದಂತೆ ತಡೆಯುವ ನಿಕಲ್ ಆಂಟಿ-ಸೀಜ್ ಲೇಪ ತೆಳುವಾಗಿ ಸವರಿ, ಎಲೆಕ್ಟ್ರೋಡಿಗೆ ತಾಗದಂತೆ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ನಂತರ ಟಾರ್ಕ್ ರೆಂಚಿನಿಂದ 25 ಪೌಂಡ್-ಅಡಿ, ಅಂದರೆ 34 ನ್ಯೂಟನ್-ಮೀಟರ್. ಕಾಯಿಲ್ಲಿನ ಕೆಳಗಿನ ರಬ್ಬರ್ ಬೂಟಿನೊಳಗೆ ವಿದ್ಯುತ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಹಾಕಿ. ಪ್ಲಗ್ ಬದಲಿಸುವ ಅವಧಿ 1,00,000 ಮೈಲಿ ಎಂದು ಕಂಪನಿ ಹೇಳಿದರೂ 60,000ಕ್ಕೇ ಬಿಚ್ಚುವುದು ವಾಸಿ, ಅಷ್ಟರಲ್ಲಿ ಮಸಿ ಇನ್ನೂ ಇಷ್ಟು ಗಟ್ಟಿಯಾಗಿರುವುದಿಲ್ಲ.