ಶುಗರ್ ಇರುವ ಅತ್ತೆ, ಮಳೆಗಾಲದ ಮನೆ: ಮೂಳೆ ಮುರಿಯದಂತೆ ಏನು ಮಾಡಬೇಕು

ನಮ್ಮತ್ತೆಗೆ 68 ವರ್ಷ. ಶುಗರ್ ಬಂದು 14 ವರ್ಷ. ಹೋದ ಮಳೆಗಾಲದಲ್ಲಿ ಬಚ್ಚಲ ಹೊಸ್ತಿಲು ಎಡವಿ ಬಿದ್ದರು, ಮಣಿಕಟ್ಟು ಮುರಿಯಿತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮೂಳೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ರಿಪೋರ್ಟ್ ನಾರ್ಮಲ್!

ನಾವು ಮೋಸ ಹೋಗುವುದು ಇಲ್ಲೇ. ಆ ಸ್ಕ್ಯಾನ್ ಅಳೆಯುವುದು ಮೂಳೆಯಲ್ಲಿ ಸುಣ್ಣದಂಶ ಎಷ್ಟಿದೆ ಅಂತ. ಟೈಪ್ 2 ಶುಗರ್ ಇರುವವರಲ್ಲಿ ಅದು ಸರಿಯಾಗೇ ಇರಬಹುದು. ಕೆಡುವುದು ಒಳಗಿನ ಕೊಲಾಜೆನ್ ನಾರು. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಈ ನಾರಿಗೆ ಅಂಟಿ ಗಡಸು ಮಾಡುತ್ತದೆ. ಹಸಿ ಬಿದಿರು ಬಾಗುತ್ತದೆ, ಅಟ್ಟದ ಮೇಲೆ ಒಣಗಿದ್ದು ಲಟಕ್ಕನೆ ಮುರಿಯುತ್ತದೆ ಅಲ್ವಾ, ಹಾಗೆ. ಆದ್ದರಿಂದ ರಿಪೋರ್ಟ್ ನೋಡಿ ಸುಮ್ನೆ ಕೂರಬೇಡಿ. ಶುಗರ್ ಎಷ್ಟು ವರ್ಷದ್ದು, ಹಿಂದೆ ಎಲ್ಲಿ ಮುರಿದಿತ್ತು, ಎರಡನ್ನೂ ಡಾಕ್ಟರಿಗೆ ಹೇಳಿ. ಶುಗರ್‌ಗೆ ಪಯೋಗ್ಲಿಟಜೋನ್ ಅನ್ನೋ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಕೇಳಿ. ಹೆಂಗಸರಲ್ಲಿ ಅದು ಮೂಳೆ ಮುರಿಯುವ ಅಪಾಯ ಹೆಚ್ಚಿಸುತ್ತದೆ.

ಮನೆಯಲ್ಲಿ ಮೊದಲು ಪಾದ ನೋಡಿ. ಒಂದು ಸಂಜೆ ಅತ್ತೆ ತೋಟದಿಂದ ಒಂದೇ ಚಪ್ಪಲಿಯಲ್ಲಿ ಬಂದರು. ಇನ್ನೊಂದು ಸಂಕದ ಹತ್ತಿರವೇ ಕಳಚಿ ಬಿದ್ದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ನಾವೆಲ್ಲ ನಕ್ಕೆವು. ನಗಬಾರದಿತ್ತು, ಶುಗರ್ ಪಾದದ ನರಕ್ಕೆ ಇಳಿದಿತ್ತು. ಕಣ್ಣು ಮುಚ್ಚಿಸಿ, ಒಂದೊಂದೇ ಕಾಲ್ಬೆರಳಿನ ತುದಿಯನ್ನು ಮೆಲ್ಲಗೆ ಮುಟ್ಟಿ, ಗೊತ್ತಾಯ್ತಾ ಅಂತ ಕೇಳಿ. ಗೊತ್ತಾಗದಿದ್ದರೆ ಡಾಕ್ಟರಿಗೆ ತೋರಿಸಿ. ಹವಾಯಿ ಬಿಡಿಸಿ, ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿ.

ಆಮೇಲೆ ಉಪವಾಸ. ಅತ್ತೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಸಂಕಷ್ಟಿ ದಿನ ಚಂದ್ರನಿಗೆ ಕಾಯುತ್ತಿದ್ದರು. ಆಷಾಢದಲ್ಲಿ ನಮ್ಮೂರಲ್ಲಿ ಚಂದ್ರ ಎಲ್ಲಿಂದ ಬರಬೇಕು! ಶುಗರ್ 70ಕ್ಕಿಂತ ಕೆಳಗಿಳಿದರೆ ಕೈ ನಡುಗುತ್ತದೆ, ತಲೆ ಸುತ್ತುತ್ತದೆ, ಬೀಳುತ್ತಾರೆ. ಉಪವಾಸ ಮಾಡಲೇಬೇಕು ಅಂದರೆ ಮಾತ್ರೆ ಹೇಗೆ ಅಂತ ಮೊದಲೇ ಡಾಕ್ಟರನ್ನು ಕೇಳಿಡಿ.

ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ಕೆಸರಿಗೆ ಅಂತ ಹಾಸುವ ಅಡಿಕೆ ದಬ್ಬೆ ಇದೆಯಲ್ಲ, ಎರಡು ಮಳೆ ಬಿದ್ದರೆ ಅದೇ ಜಾರುಬಂಡಿ. ನಾನು ತೆಗೆಸಿ ಜಲ್ಲಿ ಹಾಕಿಸಿದೆ. ಬಚ್ಚಲಿಗೆ ಹಿಡಿಕೆ, ದಿಂಬಿನ ಪಕ್ಕ ಟಾರ್ಚ್. ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ಆರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರಕ್ಕೆ ಪೆನ್ಸಿಲ್ ಗೆರೆ ಹಾಕಿ. ಗೆರೆ ಮೂರ್ನಾಲ್ಕು ಸೆಂಟಿಮೀಟರ್ ಇಳಿದಿದ್ದರೆ, ಬೆನ್ನು ನೋವು ಇಲ್ಲದಿದ್ದರೂ, ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು, ಎಕ್ಸ್-ರೇ ತೆಗೆಸಿ.