ಪ್ರಶ್ನಾವಳಿ ಬರೆಯುವ ಮೊದಲೇ ಪೋಷಕರನ್ನು ಕರೆದೆವು

ವಿಶೇಷ ಅಗತ್ಯವಿರುವ ಮಕ್ಕಳ ತಂದೆ-ತಾಯಿಗೆ, ಅದೇ ಕಷ್ಟ ಕಂಡ ಇನ್ನೊಬ್ಬ ಪೋಷಕರು ಜೊತೆಯಾಗುವುದು ಹೊಸ ವಿಷಯವೇನಲ್ಲ. ಅಮೆರಿಕದ ಒಮಾಹಾದಲ್ಲಿ 1971ರಲ್ಲೇ ‘ಪೈಲಟ್ ಪೇರೆಂಟ್ಸ್’ ಎಂಬ ಕಾರ್ಯಕ್ರಮ ಶುರುವಾಗಿತ್ತು. ಇಂಥ ಆಸರೆಯಿಂದ ಏನು ಬದಲಾಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಅದನ್ನು ಪೋಷಕರದೇ ಒಂದು ಸಂಘಟನೆಯ ಜೊತೆ ಸೇರಿ ಮಾಡಿದೆ.

ಸಂಘಟನೆಯಿಂದ ಫೋನ್ ನಂಬರ್ ಪಡೆದು, ಉತ್ತರ ತುಂಬಿಸಿಕೊಂಡು ಹೋಗಿಬಿಡುವ ಸಂಶೋಧಕರು ಬಹಳ. ಸಂಘಟನೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಮೊದಲ ಸಭೆಯಲ್ಲೇ ಬಜೆಟ್ ತೋರಿಸಿ ಅಂದರು. ಸರಿಯಾದ ಪ್ರಶ್ನೆ. ಅನುದಾನದ ಅರ್ಜಿಯಲ್ಲೇ ಅವರ ಸಂಯೋಜಕರ ಸಂಬಳ, ಸಭೆಗೆ ಬರುವ ಪೋಷಕರಿಗೆ ಸಂಭಾವನೆ, ಆ ಹೊತ್ತಿಗೆ ಮಗುವನ್ನು ನೋಡಿಕೊಳ್ಳುವವರ ಖರ್ಚು ಎಲ್ಲವನ್ನೂ ಬರೆದೆವು. ಪುಕ್ಕಟೆ ಸಲಹೆ ಪಡೆಯುವುದನ್ನು ಸಹಭಾಗಿತ್ವ ಅಂತ ಕರೆಯಲು ನನಗೆ ಮನಸ್ಸಿಲ್ಲ.

ದೊಡ್ಡ ಜಗಳ ನಡೆದದ್ದು ಹೋಲಿಕೆಯ ಗುಂಪಿನ ಬಗ್ಗೆ. ಲಾಟರಿ ಎತ್ತಿ ಅರ್ಧ ಜನರಿಗೆ ಈಗಲೇ ಜೊತೆಗಾರ ಪೋಷಕರನ್ನು ಕೊಡೋಣ, ಉಳಿದವರಿಗೆ ಕೆಲವು ವಾರ ಬಿಟ್ಟು ಕೊಡೋಣ ಎಂದೆ. ಒಬ್ಬ ತಾಯಿ ತಕ್ಷಣ ಕೇಳಿದರು: “ಅಳ್ತಾ ಫೋನ್ ಮಾಡಿದವರಿಗೆ ನಿಮ್ಮ ಚೀಟಿ ಬಂದಿಲ್ಲ ಅಂತ ನಾವು ಹೇಳಬೇಕಾ?”

ನನ್ನ ವಾದಕ್ಕೂ ಕಾರಣವಿತ್ತು. ಜನ ಸಹಾಯ ಕೇಳುವುದು ತೀರಾ ಸೋತಾಗ. ಅಲ್ಲಿಂದ ಮುಂದೆ ಎಷ್ಟೋ ಮಂದಿ ತಾವಾಗೇ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದಿದ್ದರೆ, ಆ ಚೇತರಿಕೆಯೆಲ್ಲ ನಮ್ಮ ಕೆಲಸದ ಫಲ ಎಂದು ಸುಮ್ನೆ ಬೀಗಬೇಕಾಗುತ್ತದೆ. ಇದನ್ನು ಬಿಡಿಸಿ ಹೇಳಿದಾಗ ಅವರು ಒಪ್ಪಿದರು, ಆದರೆ ಷರತ್ತು ಹಾಕಿ. ತುರ್ತು ಸಂಕಟದಲ್ಲಿರುವವರು ಲಾಟರಿಯಿಂದ ಹೊರಗೆ. ಕಾಯುವ ಅವಧಿ ಚಿಕ್ಕದು. ಸಂಘಟನೆಯ ಉಳಿದ ಯಾವ ಸೇವೆಯೂ ಯಾರಿಗೂ ನಿಲ್ಲಬಾರದು. ಇದರಿಂದ ಒಂದು ನಷ್ಟವೂ ಇದೆ: ಅತಿ ಕಷ್ಟದಲ್ಲಿರುವವರಿಗೆ ಎಷ್ಟು ಉಪಯೋಗ ಎಂದು ನಮ್ಮ ಅಧ್ಯಯನ ಹೇಳಲಾರದು. ವರದಿಯಲ್ಲಿ ಹಾಗೇ ಬರೆದೆವು. ಅಮೆರಿಕದ ಐದು ರಾಜ್ಯಗಳಲ್ಲಿ 128 ಪೋಷಕರ ಜೊತೆ ನಡೆದು 1999ರಲ್ಲಿ ಪ್ರಕಟವಾದ ಇಂಥದೇ ಅಧ್ಯಯನದಲ್ಲೂ ಒಂದು ಗುಂಪು ಕಾಯುವ ಪಟ್ಟಿಯಲ್ಲಿತ್ತು. ಅದನ್ನೂ ಪೋಷಕರು, ಸಂಶೋಧಕರು ಸೇರಿಯೇ ರೂಪಿಸಿದ್ದರು.

ಏನನ್ನು ಅಳೆಯಬೇಕು ಎನ್ನುವುದು ಮುಂದಿನ ತಕರಾರು. ನಾನು ಆಯ್ದುಕೊಂಡಿದ್ದು ಪೋಷಕರ ಹೊರೆಯನ್ನು ಅಳೆಯುವ, 1997ರಲ್ಲಿ ಬಂದ 21 ಪ್ರಶ್ನೆಗಳ ಪಟ್ಟಿ. “ಮಗುವಿನ ಹಕ್ಕಿಗಾಗಿ ಶಾಲೆಯ ಜೊತೆ ಹೋರಾಡೋಕೆ ಶುರು ಮಾಡಿದರೆ ಟೆನ್ಶನ್ ಜಾಸ್ತಿಯೇ ಆಗುತ್ತೆ, ಅಲ್ವಾ?” ಎಂದರು ಒಬ್ಬ ತಂದೆ. ಯಾರನ್ನು ಕೇಳಬೇಕು ಅಂತ ಗೊತ್ತಾಗುವುದು, ಸಭೆಯಲ್ಲಿ ಬಾಯಿ ಬಿಟ್ಟು ಮಾತಾಡುವುದು, ಇವು ಅವರಿಗೆ ಮುಖ್ಯ. ಅದಕ್ಕೆ ಹೊಂದುವ ಅಳತೆಯೂ ಸಿಕ್ಕಿತು. 1992ರಲ್ಲಿ ಪ್ರಕಟವಾದ ‘ಫ್ಯಾಮಿಲಿ ಎಂಪವರ್‌ಮೆಂಟ್ ಸ್ಕೇಲ್’. ಅದರ 34 ಹೇಳಿಕೆಗಳು ಮನೆ, ಮಗುವಿಗೆ ಸಿಗುವ ಸೇವೆ, ಸಮಾಜ ಈ ಮೂರು ಕಡೆ ಪೋಷಕರಿಗೆ ಎಷ್ಟು ಹಿಡಿತವಿದೆ ಎಂದು ನೋಡುತ್ತವೆ. ಹೊರೆಯ ಪಟ್ಟಿಯನ್ನೂ ಬಿಡಲಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಕೇಳುವ ಕೆಲಸವನ್ನು ಮಾತ್ರ ಜೊತೆಗಾರ ಪೋಷಕರಿಗೆ ಕೊಡಲಿಲ್ಲ. ಕಷ್ಟಕ್ಕೆ ಆಗುವವರು ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಫೋನ್ ಮಾತುಕತೆಯ ರೆಕಾರ್ಡಿಂಗ್ ಅವರಿಗೆ ಬೇಡವಾಗಿತ್ತು. ಎಷ್ಟು ಹೊತ್ತು, ಯಾವ ವಿಷಯ ಎಂದು ಗುರುತು ಹಾಕುವ ಒಂದು ಪುಟದ ಫಾರ್ಮ್ ಸಾಕಾಯಿತು.

ಅರ್ಧಕ್ಕೇ ಬಿಟ್ಟುಹೋದವರ ವಿಚಾರಕ್ಕೂ ಸಂಘಟನೆಯ ಪೋಷಕರ ನೆರವು ಸಿಕ್ಕಿತು. ಬೇಸತ್ತು ಹೋಗಿರಬೇಕು ಎಂದು ನಾನು ಅಂದುಕೊಂಡಿದ್ದೆ. ಬೇಕಿದ್ದ ಮಾಹಿತಿ ಸಿಕ್ಕ ಮೇಲೆ ಯಾರು ಫೋನ್ ಮಾಡ್ತಾರೆ ಎಂದು ಅವರು ನಕ್ಕರು. ವಿಚಾರಿಸಿದಾಗ ಎರಡೂ ಬಗೆಯವರು ಸಿಕ್ಕರು.

ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೇವೆ, ಆದರೆ ಮೊದಲು ಸಂಘಟನೆಗೆ ತೋರಿಸುತ್ತೇವೆ, ಅವರ ಅಭಿಪ್ರಾಯವನ್ನೂ ಸೇರಿಸುತ್ತೇವೆ ಎಂದು ಆರಂಭದಲ್ಲೇ ಬರೆದುಕೊಂಡಿದ್ದೆವು. ಕೊನೆಗೆ ಈ ಒಪ್ಪಂದವೇ ಕೈಹಿಡಿಯಿತು. ಪೋಷಕರ ಹಿಡಿತ ಹೆಚ್ಚಿತ್ತು, ಹೊರೆ ಅಷ್ಟೇನೂ ಇಳಿದಿರಲಿಲ್ಲ. ಕೆಲವರು ಮುಖ ಸಪ್ಪಗೆ ಮಾಡಿಕೊಂಡರು, ಮುಚ್ಚಿಡಿ ಎಂದು ಯಾರೂ ಹೇಳಲಿಲ್ಲ. ವರದಿಯ ಆ ಭಾಗಕ್ಕೆ ವಿವರಣೆ ಬರೆದವರು ಟೆನ್ಶನ್ ಬಗ್ಗೆ ಮೊದಲೇ ಎಚ್ಚರಿಸಿದ್ದ ಆ ತಂದೆ.