ಬೇಸ್ ಗಿಟಾರ್ ಬ್ಯಾಟರಿ ಬೇಗ ಖಾಲಿಯಾಗುತ್ತಿದೆಯಾ? ಮೊದಲು ಜ್ಯಾಕ್ ನೋಡಿ

ನವೆಂಬರ್ ಬಂತೆಂದರೆ ಬೆಂಗಳೂರಿನ ಬಡಾವಣೆಗಳಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಶುರು. ಸೌಂಡ್ ಚೆಕ್‌ನಲ್ಲಿ ಚೆನ್ನಾಗಿದ್ದ ಆಕ್ಟಿವ್ ಬೇಸ್ ಗಿಟಾರ್ (ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವಂಥದ್ದು), ನಾಲ್ಕು ಹಾಡು ಆಗುವಷ್ಟರಲ್ಲಿ ಗೊರಗೊರ ಅಂತ ಒಡೆದ ದನಿ ಕೊಡುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಕೂಡಲೇ ಹೊಸ 9 ವೋಲ್ಟ್ ಬ್ಯಾಟರಿ ಹಾಕುತ್ತೇವೆ. ಸ್ವಲ್ಪ ದಿನಕ್ಕೆ ಅದೂ ಖಾಲಿ. ಹೀಗೆ ಪದೇಪದೇ ಆಗುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಬ್ಯಾಟರಿಯದ್ದಲ್ಲ. ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಹುಡುಕುವುದು ಕಷ್ಟವೇನಲ್ಲ.

ಮೊದಲು ಲೆಕ್ಕ ನೋಡಿ. ಒಳ್ಳೆಯ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪ್ ಅವರ್ ಇರುತ್ತದೆ, ಅಂದರೆ 1 ಮಿಲಿಆಂಪ್ ಕರೆಂಟ್ ಎಳೆದರೆ 500 ಗಂಟೆ. ಗಿಟಾರ್ ಒಳಗಿನ ಪ್ರೀಆಂಪ್ (ದನಿಯನ್ನು ಹಿಗ್ಗಿಸುವ ಆ ಸಣ್ಣ ಸರ್ಕ್ಯೂಟ್) 1 ಮಿಲಿಆಂಪ್ ಎಳೆಯುತ್ತದೆ ಅಂದುಕೊಳ್ಳಿ. ದಿನಕ್ಕೆ 2 ಗಂಟೆ ನುಡಿಸಿದರೂ ಎಂಟು ತಿಂಗಳು ಬರಬೇಕು. ಅದೇ ಕೇಬಲ್ ತೆಗೆಯದೆ ಹಾಗೇ ಬಿಟ್ಟರೆ ಮೂರು ವಾರ ಅಷ್ಟೇ!

ಯಾಕೆಂದರೆ ಹೆಚ್ಚಿನ ಆಕ್ಟಿವ್ ಬೇಸ್‌ಗಳಿಗೆ ಆನ್-ಆಫ್ ಸ್ವಿಚ್ ಇರುವುದಿಲ್ಲ. ಕೇಬಲ್ ಚುಚ್ಚುವ ಜ್ಯಾಕೇ ಸ್ವಿಚ್. ಅದು ಸ್ಟೀರಿಯೊ ಜ್ಯಾಕ್, ಅದರಲ್ಲಿ ಮೂರು ಕಾಲು: ಟಿಪ್, ರಿಂಗ್, ಸ್ಲೀವ್. ಬ್ಯಾಟರಿಯ ಕಪ್ಪು ವೈರ್ ರಿಂಗ್‌ಗೆ ಹೋಗುತ್ತದೆ. ನಾವು ಚುಚ್ಚುವ ಮಾಮೂಲಿ ಮೋನೊ ಪಿನ್‌ನ ಉದ್ದನೆಯ ಲೋಹದ ಭಾಗ ರಿಂಗನ್ನೂ ಸ್ಲೀವನ್ನೂ ಸೇರಿಸಿಬಿಡುತ್ತದೆ. ಆಗ ಬ್ಯಾಟರಿ ಕೆಲಸ ಶುರು ಮಾಡುತ್ತದೆ. ಆಂಪ್ಲಿಫಯರ್ ಆಫ್ ಮಾಡಿದರೂ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಬ್ಯಾಟರಿ ನಿಲ್ಲುವುದಿಲ್ಲ. ಎಷ್ಟೋ ಗಿಟಾರ್‌ಗಳಲ್ಲಿ ಪ್ಯಾಸಿವ್ ಮೋಡ್‌ಗೆ (ಪ್ರೀಆಂಪ್ ಬಿಟ್ಟು ನುಡಿಸುವ ಮೋಡ್) ಹಾಕಿದರೂ ಅಷ್ಟೇ. ವೈರ್‌ಲೆಸ್ ಟ್ರಾನ್ಸ್‌ಮಿಟರ್ ಚುಚ್ಚಿಟ್ಟು ಮರೆಯುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನುಡಿಸಿ ಮುಗಿದ ತಕ್ಷಣ ಪಿನ್ ತೆಗೆಯುವುದು ಮೊದಲ ಕೆಲಸ.

ಪಿನ್ ತೆಗೆದಿಟ್ಟರೂ ಬ್ಯಾಟರಿ ಸಾಯುತ್ತಿದೆಯಾ? ಮಲ್ಟಿಮೀಟರ್ ತೆಗೆದುಕೊಳ್ಳಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾದಾ ಡಿಜಿಟಲ್ ಮೀಟರ್ ಸಾಕು. ಬ್ಯಾಟರಿಯ ಒಂದು ಗುಂಡಿ ಕ್ಲಿಪ್‌ನಲ್ಲೇ ಇರಲಿ. ಇನ್ನೊಂದನ್ನು ಬಿಡಿಸಿ ಬ್ಯಾಟರಿಯನ್ನು ಪಕ್ಕಕ್ಕೆ ತಿರುಗಿಸಿ. ಮೀಟರನ್ನು ಮಿಲಿಆಂಪ್‌ಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಖಾಲಿ ಗುಂಡಿಗೆ, ಇನ್ನೊಂದನ್ನು ಕ್ಲಿಪ್‌ನ ಖಾಲಿ ಗುಂಡಿಗೆ ತಾಗಿಸಿ. ಎರಡು ಕಡ್ಡಿಯನ್ನೂ ಬ್ಯಾಟರಿಯ ಎರಡು ತುದಿಗೆ ನೇರವಾಗಿ ಮಾತ್ರ ಇಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಪಿನ್ ಇಲ್ಲದಾಗ ಮೀಟರ್ ಸೊನ್ನೆ ತೋರಿಸಬೇಕು. ಇದೊಂದೇ ಅಂಕಿ ನಿಮಗೆ ಮುಖ್ಯ. ಪಿನ್ ಚುಚ್ಚಿದಾಗ ಹೆಚ್ಚಿನ ಪ್ರೀಆಂಪ್‌ಗಳು 1 ಮಿಲಿಆಂಪ್ ಆಸುಪಾಸು ತೋರಿಸುತ್ತವೆ, ಕೆಲವು ಸ್ವಲ್ಪ ಜಾಸ್ತಿ. ಉರಿಯುವ ಎಲ್‌ಇಡಿ ಇದ್ದರೆ ಅದು ಬೇರೆ ಎಳೆಯುತ್ತದೆ.

ಪಿನ್ ಇಲ್ಲದೆಯೂ ಕರೆಂಟ್ ಹರಿಯುತ್ತಿದ್ದರೆ ಅನುಮಾನ ಜ್ಯಾಕ್ ಮೇಲೆ. ಬ್ಯಾಟರಿ ಪೂರ್ತಿ ತೆಗೆದು ಮೀಟರನ್ನು ಬೀಪ್ ಮೋಡ್‌ಗೆ ಇಡಿ. ಕಪ್ಪು ವೈರ್ ಬಂದಿರುವ ಕ್ಲಿಪ್ ಗುಂಡಿಗೆ ಒಂದು ಕಡ್ಡಿ, ಜ್ಯಾಕ್‌ನ ಹೊರಗಿನ ನಟ್‌ಗೆ ಇನ್ನೊಂದು. ಪಿನ್ ಚುಚ್ಚಿದಾಗ ಬೀಪ್ ಬರಬೇಕು, ತೆಗೆದಾಗ ಬರಬಾರದು. ತೆಗೆದರೂ ಬೀಪ್ ಅನ್ನುತ್ತಿದ್ದರೆ ಜ್ಯಾಕ್ ಬಿಚ್ಚಿ ನೋಡಿ. ರಿಂಗ್‌ನ ತಗಡು ಬಾಗಿ ಸ್ಲೀವ್‌ಗೆ ತಾಗಿರಬಹುದು. ಬೆಸುಗೆಯ ಸಣ್ಣ ಹನಿ ಎರಡು ಕಾಲಿನ ನಡುವೆ ಸೇತುವೆ ಕಟ್ಟಿರಬಹುದು. ಜ್ಯಾಕ್ ಸಡಿಲವಾಗಿ ತಿರುಗಿ, ಅದರ ಕಾಲು ಗೂಡಿನೊಳಗಿನ ತಾಮ್ರದ ಹಾಳೆಗೋ ಕಪ್ಪು ಶೀಲ್ಡಿಂಗ್ ಪೇಂಟಿಗೋ ಮುಟ್ಟಿರುವುದೂ ಉಂಟು. ಇದು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಟಾರ್ಚ್ ಬಿಟ್ಟು ನೋಡಿ. ಹಳೆಯ ಗಿಟಾರ್ ಕೊಂಡಿದ್ದರೆ ಕಾಲುಗಳನ್ನು ಎಣಿಸಿ. ಎರಡೇ ಇದ್ದರೆ ಯಾರೋ ಮೋನೊ ಜ್ಯಾಕ್ ಹಾಕಿ, ಕಪ್ಪು ವೈರನ್ನು ನೇರವಾಗಿ ಗ್ರೌಂಡ್‌ಗೆ (ಅಂದರೆ ಸ್ಲೀವ್ ಕಾಲಿಗೆ) ಸೇರಿಸಿರಬಹುದು. ಅಂಥ ಗಿಟಾರ್ ಹಗಲೂ ರಾತ್ರಿ ಆನ್ ಆಗಿಯೇ ಇರುತ್ತದೆ.

ಜ್ಯಾಕ್ ಸರಿಯಿದ್ದು, ಪಿನ್ ಚುಚ್ಚಿದಾಗ ಮಾತ್ರ ಹತ್ತಾರು ಮಿಲಿಆಂಪ್ ತೋರಿಸಿದರೆ ಪ್ರೀಆಂಪ್ ಒಳಗೇ ತೊಂದರೆ. ಕೆಪಾಸಿಟರ್ ಸೋರುತ್ತಿರಬಹುದು, ಅಥವಾ ಯಾವಾಗಲೋ ಬ್ಯಾಟರಿ ಉಲ್ಟಾ ತಾಗಿ ಐಸಿ ಚಿಪ್ ಕೆಟ್ಟಿರಬಹುದು. ಇದನ್ನು ರಿಪೇರಿ ಬಲ್ಲವರಿಗೇ ಕೊಡಿ. ನೀವು ಅಳೆದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡಿ, ಅವರ ಅರ್ಧ ಕೆಲಸ ಉಳಿಯುತ್ತದೆ.

ಬ್ಯಾಟರಿ ಬಗ್ಗೆ ಒಂದು ಮಾತು. ಹೊಸ ಆಲ್ಕಲೈನ್ ಬ್ಯಾಟರಿ ಮೀಟರಿನಲ್ಲಿ 9.5 ವೋಲ್ಟ್ ಹತ್ತಿರ ತೋರಿಸುತ್ತದೆ. 7.5ಕ್ಕೆ ಇಳಿದಿದ್ದರೆ ಕಾರ್ಯಕ್ರಮಕ್ಕೆ ಅದನ್ನು ನಂಬಬೇಡಿ. ಅಗ್ಗದ ಜಿಂಕ್ ಬ್ಯಾಟರಿಯಲ್ಲಿ ಸರಕೇ ಕಡಿಮೆ. ನಿಕಲ್ ರೀಚಾರ್ಜಬಲ್‌ನಲ್ಲಿ ಸಾಮಾನ್ಯವಾಗಿ 200 ಮಿಲಿಆಂಪ್ ಅವರ್ ಆಸುಪಾಸು, ಅದು ಬೇಗ ಖಾಲಿಯಾದರೆ ಗಿಟಾರನ್ನು ಬೈಯಬೇಕಿಲ್ಲ.

ಜ್ಯಾಕ್ ಬದಲಿಸಬೇಕಾದರೆ ಅಂಗಡಿಯಲ್ಲಿ ಕಾಲು ಇಂಚಿನ ಸ್ಟೀರಿಯೊ ಜ್ಯಾಕ್ ಎಂದೇ ಕೇಳಿ. ಹಳೆಯದನ್ನು ಬಿಡಿಸುವ ಮೊದಲು ಮೊಬೈಲಿನಲ್ಲಿ ವೈರ್‌ಗಳ ಫೋಟೊ ತೆಗೆದುಕೊಳ್ಳಿ. ಬೆಸುಗೆ ಹಾಕಿದ ಮೇಲೆ, ಸ್ಕ್ರೂ ಬಿಗಿಯುವ ಮುಂಚೆ, ಪಿನ್ ಇಲ್ಲದೆ ಇನ್ನೊಮ್ಮೆ ಕರೆಂಟ್ ಅಳೆಯಿರಿ. ಸೊನ್ನೆ ಬಂದರೆ ಮುಚ್ಚಳ ಹಾಕಿ.